ಯಾವುದು ಸೇವೆ?

ಸಕ್ಕರೆ ಕಾಯಿಲೆಯಿಂದ ತಂದೆಯವರ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಹರಿಹರದ ಮನೆಯಲ್ಲಿ ವುಝೂವಿನ ನೀರಿನಿಂದ ಹಿಡಿದು ಎಲ್ಲವನ್ನೂ ಅವರು ಕುಳಿತಲ್ಲಿಗೇ ತಂದುಕೊಡುತ್ತಿದ್ದೆ. ಅದನ್ನೇ ಸೇವೆಯೆಂದು ಭಾವಿಸಿದ್ದೆ.

ದಾವಣಗೆರೆಯಲ್ಲಿ ಕೃತಕ ಕಾಲು ತೊಡಿಸಿ ನಡಿಗೆ ಕಲಿಸುವಾಗ ಅವರು ವಾಲಿದರು. ನಾನು ಓಡಿ ತೋಳು ಹಿಡಿದೆ. "ಬಿಡು ಬೇಟಾ, ನಾನೇ ನಡೆಯಬೇಕು" ಎಂದರು.

ಮಾತಾಪಿತರೊಂದಿಗೆ ಅತ್ಯುತ್ತಮವಾಗಿ ವರ್ತಿಸಬೇಕೆಂದು ಪವಿತ್ರ ಕುರ್‌ಆನ್ (17:23) ಆಜ್ಞಾಪಿಸುತ್ತದೆ. ಆದರೆ ಅವರಿಂದಾಗುವುದನ್ನೂ ನಾವೇ ಮಾಡಿಬಿಟ್ಟರೆ, ಕಾಲಿನೊಂದಿಗೆ ಅವರ ಸ್ವಾಭಿಮಾನವನ್ನೂ ಕಳೆದಂತಾಗದೇ?

ಹಾಗೆಂದು ಕೈಬಿಡುವುದೂ ಸೇವೆಯಲ್ಲ. ಈ ಕಾಯಿಲೆಯಲ್ಲಿ ಸ್ಪರ್ಶಜ್ಞಾನ ಕುಂದುವುದರಿಂದ ಗಾಯವಾದರೂ ನೋವು ತಿಳಿಯದು. ಆದ್ದರಿಂದ ಉಳಿದ ಪಾದವನ್ನೂ ಮೋಟುಗಾಲನ್ನೂ ದಿನವೂ ಪರೀಕ್ಷಿಸುವುದು ನನ್ನ ಪಾಲಿನದು. ಹೆಜ್ಜೆಯಿಡುವುದು ಅವರ ಪಾಲಿನದು.

ಈಗ ಅವರು ನಡೆದೇ ಮಸೀದಿಗೆ ಹೋಗುತ್ತಾರೆ. ನಾನು ಒಂದು ಹೆಜ್ಜೆ ಹಿಂದಿರುತ್ತೇನೆ. ಈ ವಿವೇಕವನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ.