ಕಪಾಟಿನಲ್ಲೇ ಇದ್ದ ಮದ್ದು



ಕೈಯಲ್ಲಿರುವ ಮದ್ದನ್ನು ಕೊಡದೆ ರೋಗಿಯನ್ನು ಸಾಯಲು ಬಿಟ್ಟರೆ ಅದು ಪಾಪವೆಂದು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಮದ್ದು ಇತ್ತು, ಅದು ಈ ರೋಗಕ್ಕೂ ಆಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ ಎಂದಾದರೆ ತಪ್ಪು ಯಾರದು?

ಅಮೆರಿಕದ ಡೇವಿಡ್ ಫೇಗನ್‌ಬಾಮ್ 2010ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ. ಕ್ಯಾಸಲ್‌ಮನ್ ಎಂಬ ಅಪರೂಪದ ಕಾಯಿಲೆ ಅವರನ್ನು ಹಾಸಿಗೆ ಹಿಡಿಸಿತು. ಅಂಗಾಂಗಗಳು ಕೈಕೊಟ್ಟವು, ಗುರುಗಳು ಬಂದು ಅಂತ್ಯಾಭ್ಯಂಗ ನೀಡಿದರು. ಹೇಗೋ ಬದುಕಿದರು, ಆದರೆ ರೋಗ ಮತ್ತೆ ಮತ್ತೆ ಮರುಕಳಿಸಿತು. ಕೊನೆಗೆ ತಮ್ಮದೇ ರಕ್ತದ ಮಾದರಿಗಳನ್ನು ತಾವೇ ಪರೀಕ್ಷಿಸಿ, ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸಿರೋಲಿಮಸ್ ಎಂಬ ಮದ್ದು ತಮಗೂ ನಾಟಬಹುದೆಂದು ಊಹಿಸಿದರು. 2014ರಲ್ಲಿ ಅದನ್ನು ಸೇವಿಸತೊಡಗಿದರು; ವರ್ಷಗಳು ಉರುಳಿದರೂ ರೋಗ ಮರಳಲಿಲ್ಲ. ಆ ಮದ್ದಾದರೋ 1999ರಿಂದಲೇ ಅಮೆರಿಕದ ಔಷಧಿ ಅಂಗಡಿಗಳ ಕಪಾಟಿನಲ್ಲಿತ್ತು!

2022ರಲ್ಲಿ ಅವರು ಸಂಗಡಿಗರೊಡನೆ ಎವೆರಿ ಕ್ಯೂರ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ಒಬ್ಬ ವೈದ್ಯ ಜೀವಮಾನವಿಡೀ ಕುಳಿತರೂ ಓದಿ ಮುಗಿಸಲಾಗದ ವೈದ್ಯಕೀಯ ಮಾಹಿತಿಯನ್ನು ಅಲ್ಲಿ ಕಂಪ್ಯೂಟರಿಗೆ ಒದಗಿಸುತ್ತಾರೆ. ಯಾವ ಮದ್ದು ದೇಹದ ಯಾವ ಪ್ರೋಟೀನನ್ನು ತಡೆಯುತ್ತದೆ, ಯಾವ ರೋಗದಲ್ಲಿ ಅದೇ ಪ್ರೋಟೀನು ಕೆರಳುತ್ತದೆ ಎಂಬ ನಂಟುಗಳಿಂದ ಯಂತ್ರ ತಾನೇ ಕಲಿತು, ಒಂದೊಂದು ಮದ್ದನ್ನೂ ಒಂದೊಂದು ರೋಗದ ಜೊತೆಗಿಟ್ಟು ಅಂಕ ಕೊಡುತ್ತದೆ.

ಇಲ್ಲಿಯೇ ನಮ್ಮ ಪ್ರಶ್ನೆಯ ಸ್ವರೂಪ ಬದಲಾಗುವುದು. ತಿಳಿಯದೆ ಬಿಟ್ಟದ್ದಕ್ಕೆ ಕ್ಷಮೆಯುಂಟು. ಆದರೆ ಅಂಕಪಟ್ಟಿ ಕಣ್ಣೆದುರಿಗೆ ಇರುವಾಗ 'ನಮಗೆ ತಿಳಿದಿರಲಿಲ್ಲ' ಎನ್ನಲಾದೀತೇ? ಪೂಜೆಯ ಮೊದಲಿಗೆ ಎದೆ ತಟ್ಟಿಕೊಳ್ಳುವಾಗ ನಾವು ಮಾಡಿದ್ದನ್ನಷ್ಟೇ ಅಲ್ಲ, ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುತ್ತೇವಲ್ಲ. ಪೇಟೆಂಟ್ ಮುಗಿದ ಅಗ್ಗದ ಗುಳಿಗೆಯನ್ನು ಹೊಸ ರೋಗಕ್ಕೆ ಪರೀಕ್ಷಿಸಿದರೆ ಕಂಪನಿಗಳಿಗೆ ಹೆಚ್ಚೇನೂ ಗಿಟ್ಟದು. ಆಗ ಆ ಹೊಣೆ ಸರಕಾರಗಳ ಮೇಲೆ, ದಾನಿಗಳ ಮೇಲೆ ಬೀಳುತ್ತದೆ. ನಮ್ಮ ಮೇಲೂ ಬೀಳುತ್ತದೆ ಎಂದೇ ನನ್ನ ಭಾವನೆ.

ಹಾಗೆಂದು ಅಂಕ ಬಂದ ಮಾತ್ರಕ್ಕೆ ಗುಳಿಗೆ ನುಂಗಿಸಬಹುದೇ? 2020ರ ಕೊರೋನಾ ದಿನಗಳನ್ನು ನೆನೆಯಿರಿ. ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಜನ ಮುಗಿಬಿದ್ದರು. (ಇಲ್ಲಿ ಯಂತ್ರವನ್ನು ದೂರಬೇಕಿಲ್ಲ, ಆತುರ ನಮ್ಮದೇ.) ದಿನವೂ ಅದನ್ನೇ ನಂಬಿದ್ದ ಲೂಪಸ್ ರೋಗಿಗಳಿಗೆ ಹಲವೆಡೆ ಗುಳಿಗೆ ಸಿಗದಾಯಿತು. ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ಜೂನ್‌ನಲ್ಲಿ ತೋರಿಸಿಕೊಟ್ಟಿತು.

ಅದೇ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನ ಬೆನೆವೊಲೆಂಟ್‌ಎಐ ಸಂಸ್ಥೆಯವರು ಯಂತ್ರದ ನೆರವಿನಿಂದ ಹುಡುಕಿ, ಸಂಧಿವಾತಕ್ಕೆ ಕೊಡುವ ಬಾರಿಸಿಟಿನಿಬ್ ಎಂಬ ಗುಳಿಗೆಯನ್ನು ಕೊರೋನಾಕ್ಕೆ ಸೂಚಿಸಿದ್ದರು. ಅದನ್ನೂ ಪರೀಕ್ಷೆಗೆ ಒಡ್ಡಲಾಯಿತು. 1,033 ರೋಗಿಗಳು, ಎಲ್ಲರಿಗೂ ರೆಮ್ಡೆಸಿವಿರ್. ಜೊತೆಗೆ 515 ಮಂದಿಗೆ ಬಾರಿಸಿಟಿನಿಬ್, ಉಳಿದ 518 ಮಂದಿಗೆ ಅದರಂತೆಯೇ ಕಾಣುವ, ಮದ್ದಿಲ್ಲದ ಗುಳಿಗೆ. ಮದ್ದು ಪಡೆದವರು ಸರಾಸರಿ 8 ದಿನಗಳ ಬದಲು 7 ದಿನಗಳಲ್ಲಿ ಚೇತರಿಸಿಕೊಂಡರು. ಒಂದೇ ದಿನವೇ ಎನ್ನಬೇಡಿ. ಹೆಚ್ಚು ಆಮ್ಲಜನಕ ಬೇಕಾಗಿದ್ದವರಲ್ಲಿ ಅದು 18ರಿಂದ 10ಕ್ಕೆ ಇಳಿದಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೀವ್ರ ಕೊರೋನಾಕ್ಕೆ ಅದನ್ನು ಬಲವಾಗಿ ಶಿಫಾರಸು ಮಾಡಿತು.

ಯಾರಿಗೆ ಯಾವ ಗುಳಿಗೆ ಎಂದು ರೋಗಿಗೂ ಗೊತ್ತಿರಲಿಲ್ಲ, ಹಾಸಿಗೆಯ ಬಳಿ ನಿಂತ ವೈದ್ಯರಿಗೂ ಗೊತ್ತಿರಲಿಲ್ಲ. ನಾಳೆ ನಿಮ್ಮ ತಾಯಿಯ ಹಾಸಿಗೆಯ ಬಳಿ ವೈದ್ಯರು ಇಂಥದೇ ಪತ್ರಕ್ಕೆ ಸಹಿ ಕೇಳಿದರೆ ಏನೆನ್ನುವಿರಿ? ಆ 518 ಮಂದಿಯ ಪರವಾಗಿ ಯಾರೋ ಹೂಂ ಎಂದಿದ್ದರು, ಇಲ್ಲವೇ ಅವರೇ ಎಂದಿದ್ದರು.