ಆರೈಕೆಯ ಅಳತೆ

ಭದ್ರಾವತಿಯ ಹಳೇನಗರದಲ್ಲಿರುವ ನಮ್ಮಕ್ಕನ ಮನೆಯ ಕಿಟಕಿಯಲ್ಲಿ ಒಂದು ಪುಟ್ಟ ಕಳ್ಳಿ ಇತ್ತು. ಗಾತ್ರ ನಿಂಬೆಹಣ್ಣಿನಷ್ಟು. ಮೈತುಂಬ ಬಿಳಿ ಮುಳ್ಳು. ಚಳಿ ಕಳೆಯುವ ಹೊತ್ತಿಗೆ ನೆತ್ತಿಯ ಸುತ್ತ ಬಳೆ ತೊಡಿಸಿದಂತೆ ಗುಲಾಬಿ ಬಣ್ಣದ ಹೂ. ತೋಟಗಾರರು ಇದನ್ನು ಮ್ಯಾಮಿಲೇರಿಯ ಎನ್ನುತ್ತಾರೆ. ಭಾವ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ವರ್ಷ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ಕೊಂಡು ತಂದದ್ದು. ಭಾವ ತೀರಿಕೊಂಡ ಮೇಲೆ ಅಕ್ಕನನ್ನು ಶಿವಮೊಗ್ಗದ ನಮ್ಮ ಮನೆಗೆ ಕರೆತಂದೆ. ಎರಡು ಚೀಲ ಬಟ್ಟೆಯ ಜೊತೆಗೆ ಅವಳು ತಂದದ್ದು ಆ ಕಳ್ಳಿಯೊಂದನ್ನೇ.

ಇಬ್ಬರನ್ನೂ ನಾನು ಚೆನ್ನಾಗಿಯೇ ನೋಡಿಕೊಂಡೆ. ಅಕ್ಕನಿಗೆ ಅಡಿಗೆಮನೆಯ ಕೆಲಸವಿಲ್ಲ, ಅಂಗಡಿಗೆ ಹೋಗುವ ಗೋಜಿಲ್ಲ. 'ನೀನು ಸುಮ್ಮನೆ ಕೂತ್ಕೋ ಅಕ್ಕ' ಎಂಬುದು ಮನೆಮಂದಿಯ ಮಂತ್ರವೇ ಆಯಿತು. ಕಳ್ಳಿಗೆ ದಿನವೂ ತುಳಸಿಯ ಜೊತೆಗೇ ಒಂದು ಲೋಟ ನೀರು. ಜುಲೈ ತಿಂಗಳು, ಬಿಡದೆ ಹಿಡಿದ ಮಳೆ. ಕಳ್ಳಿ ಸುಕ್ಕುಗಟ್ಟಿತು. ಬಾಯಾರಿರಬೇಕೆಂದು ಇನ್ನಷ್ಟು ನೀರು ಹಾಕಿದೆ. ಅಕ್ಕನ ಊಟವೂ ಕಡಿಮೆಯಾಯಿತು. ಟಾನಿಕ್ ತಂದೆ.

ಒಂದು ಬೆಳಿಗ್ಗೆ ಮುಟ್ಟಿ ನೋಡಿದರೆ ಕಳ್ಳಿಯ ಬುಡ ಕಂದಾಗಿ ಮೆತ್ತಗಾಗಿತ್ತು. ಅಮೆರಿಕದ ಒಣನೆಲದಿಂದ ಬಂದ ಜಾತಿ ಇದು. ಹಗಲಿನಲ್ಲಿ ಮೈಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿ ತೆಗೆದುಕೊಳ್ಳುವಷ್ಟು ನೀರಿನ ಲೆಕ್ಕ ಬಲ್ಲದ್ದು. ಬೇರಿಗೂ ಉಸಿರು ಬೇಕು. ಮಣ್ಣು ಸದಾ ತೇವವಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಹಾಗಾಗಿ ನೀರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಸುಕ್ಕುಗಟ್ಟುತ್ತದೆ. ನನ್ನನ್ನು ಕಾಡಿದ್ದು ಇದೇ. ಅತಿಯಾದ ಆರೈಕೆಗೂ ಅಲಕ್ಷ್ಯಕ್ಕೂ ಲಕ್ಷಣ ಒಂದೇ ಆದರೆ, ನೋಡಿಕೊಳ್ಳುವವನಿಗೆ ತನ್ನ ತಪ್ಪು ತಿಳಿಯುವುದು ಹೇಗೆ?

ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಿ, ಕಂದುಬಣ್ಣ ಪೂರಾ ಹೋಗಿ ತಿಳಿಹಸಿರು ಕಾಣುವವರೆಗೆ ಬುಡವನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದೆ. ಅರ್ಧ ಕಳ್ಳಿ ಉಳಿಯಿತು. ಗಾಯಕ್ಕೆ ಹಚ್ಚಲು ಅಕ್ಕ ಇದ್ದಿಲು ಅರೆದು ಕೊಟ್ಟಳು. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿಯ ಕುಲುಮೆ ಉರಿದದ್ದೂ ಇದ್ದಿಲಿನಿಂದಲೇ. 'ನಮ್ಮೂರಿನ ಔಷಧಿ' ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ಕಂಡ ನಗು ಅದು. ಗಾಯ ಒಣಗಿ ಗಟ್ಟಿಯಾಗಲೆಂದು ಹದಿನೈದು ದಿನ ಮಣ್ಣೂ ಇಲ್ಲದೆ, ನೀರೂ ಇಲ್ಲದೆ ನೆರಳಿನಲ್ಲಿಡಬೇಕಾಯಿತು. ಆಮೇಲೆ ದಪ್ಪ ಮರಳಿಗೆ ಸ್ವಲ್ಪ ಮಣ್ಣು ಬೆರೆಸಿ ಕೂರಿಸಿದೆ. ಆಗಲೂ ನೀರಿಲ್ಲ. ಕೈಕಟ್ಟಿ ಕೂರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ದಿನವೂ ಹಾಕುತ್ತಿದ್ದ ನೀರಿನಿಂದ ತಣಿಯುತ್ತಿದ್ದುದು ಕಳ್ಳಿಯ ದಾಹವಲ್ಲ, ನನ್ನ ಮನಸ್ಸು.

'ಇನ್ನು ನಾನೂ ಊರಿಗೆ ಹೋಗ್ತೀನಿ ಕಣೋ' ಎಂದಳು ಅಕ್ಕ.

ಒಂಟಿಯಾಗಿ ಹೇಗಿರುತ್ತೀ ಎಂದು ವಾದಿಸಿದೆ. ಒಡಹುಟ್ಟಿದವಳನ್ನು ಬಿಟ್ಟುಬಿಟ್ಟನೆಂದು ಊರು ಆಡಿಕೊಳ್ಳದೇ ಎಂಬ ಅಳುಕೂ ಆ ವಾದದಲ್ಲಿ ಪಾಲು ಪಡೆದಿತ್ತು. ಅದನ್ನು ಮುಚ್ಚಿಡಲಾರೆ. ಆದರೆ ವಾದ ಸುಳ್ಳೂ ಅಲ್ಲ. ಎಪ್ಪತ್ತು ದಾಟಿದವಳು ರಾತ್ರಿ ಬಚ್ಚಲಿನಲ್ಲಿ ಜಾರಿಬಿದ್ದರೆ ಯಾರು ಗತಿ? 'ಅವರ ಇಷ್ಟ' ಎಂದು ಸುಮ್ಮನಿರುವುದೂ ಕೈಬಿಡುವುದೂ ಹೊರಗಿನಿಂದ ನೋಡಿದರೆ ಒಂದೇ. ಎರಡಕ್ಕೂ ನಡುವೆ ನನಗೆ ಕಂಡ ವ್ಯತ್ಯಾಸ ಇಷ್ಟು: ಕೈಬಿಟ್ಟವನು ಅತ್ತ ತಿರುಗಿಯೂ ನೋಡುವುದಿಲ್ಲ, ಸುಮ್ಮನಿರುವವನು ದಿನವೂ ನೋಡುತ್ತಾನೆ, ಕೇಳುತ್ತಾನೆ, ಬೇಕೆಂದಾಗ ಮಾತ್ರ ಕೈನೀಡುತ್ತಾನೆ. ಜಾರಿಬೀಳುವ ಭಯಕ್ಕೆ ಇದು ಉತ್ತರವಲ್ಲ. ಆ ಭಯವನ್ನು ನಾನು ಹೊರಬೇಕೇ ಹೊರತು ಅದರ ಬೆಲೆಯನ್ನು ಅವಳಿಂದ ವಸೂಲು ಮಾಡಬಾರದು.

ಅಕ್ಕ ಹೋದಳು. ಸಂಜೆಗೊಮ್ಮೆ ಫೋನು, ಭಾನುವಾರ ಬಸ್ಸು ಹಿಡಿದು ಇಪ್ಪತ್ತು ಕಿಲೋಮೀಟರು. ಕಳ್ಳಿ ತನ್ನ ಹಳೆಯ ಕಿಟಕಿ ಸೇರಿದೆ. ಮೊನ್ನೆ ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ, ಬೇರು ಹಿಡಿದಿದೆ. ಅಭ್ಯಾಸಬಲದಿಂದ ನೀರಿನ ಲೋಟಕ್ಕೆ ಕೈಹಾಕಿದೆ.

'ಅದನ್ನಿತ್ತ ಕೊಡು, ಮೊದಲು ಕಾಫಿ ಕುಡಿ' ಎಂದಳು ಅಕ್ಕ, ಒಲೆಯ ಮುಂದಿನಿಂದ.