ಪಟ್ಟಿಯಲ್ಲಿ ಇಲ್ಲದ ನಾಲ್ವರು

ಇವತ್ತು ಒಂದು ಕಷ್ಟದ ಪ್ರಶ್ನೆ. ಉರಿಯುವ ಊರಿನಿಂದ ಪಾರಾಗಿ ಬಂದವನು, ಹಿಂದೆ ಉಳಿದವರ ಸಾವಿಗೆ ಹೊಣೆಯಾಗ್ತಾನಾ?

ಸೈಕಾಲಜಿ ಓದಿದವರಿಗೆ ಸಿಗ್ಮಂಡ್ ಫ್ರಾಯ್ಡ್ ಗೊತ್ತು. ವಿಯೆನ್ನಾದ ಯೆಹೂದ್ಯ ಡಾಕ್ಟರ್. ದೇವರನ್ನು ನಂಬಿದವರಲ್ಲ, ಆದರೆ ತಾನು ಯೆಹೂದ್ಯ ಅನ್ನೋದನ್ನ ಮುಚ್ಚಿಟ್ಟವರೂ ಅಲ್ಲ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಕೆಲವೇ ದಿನಗಳಲ್ಲಿ ಗೆಸ್ಟಾಪೊ ಅವರ ಮಗಳು ಅನ್ನಾಳನ್ನು ವಿಚಾರಣೆಗೆ ಕರೆದುಕೊಂಡು ಹೋಯಿತು. ಸಂಜೆ ವಾಪಸ್ ಬಂದಳು, ಸರಿ. ಆದರೆ ಆ ಒಂದು ದಿನ ಆ ಮನೆ ಹೇಗಿತ್ತೋ ಯೋಚಿಸಿ.

ಜೂನ್ 4ರಂದು ಫ್ರಾಯ್ಡ್ ಲಂಡನ್ ಕಡೆಗೆ ರೈಲು ಹತ್ತಿದರು. ಹೊರಡಲು ಅನುಮತಿ ಸಿಕ್ಕವರ ಪಟ್ಟಿಯಲ್ಲಿ ಹೆಂಡತಿ, ಮಕ್ಕಳು, ಹೆಂಡತಿಯ ತಂಗಿ ಇದ್ದರು. ಅವರ ಡಾಕ್ಟರ್, ಆ ಡಾಕ್ಟರ್‌ನ ಮನೆಯವರು, ಮನೆಗೆಲಸದವಳು ಕೂಡ ಇದ್ದರು. ನಾಯಿಯೂ ಜೊತೆಗೆ ಹೋಯಿತು. ಸ್ವಂತ ತಂಗಿಯರು ರೋಸಾ, ಮರೀ, ಅಡಾಲ್ಫಿನ್, ಪೌಲಾ ವಿಯೆನ್ನಾದಲ್ಲೇ ಉಳಿದರು.

ಇದನ್ನು ಕೇಳಿದ ಕೂಡಲೇ "ಎಂಥಾ ಅಣ್ಣ!" ಅಂತ ಬಾಯಿಗೆ ಬರುತ್ತೆ, ಅಲ್ವಾ? ಸ್ವಲ್ಪ ತಾಳಿ. ತಂಗಿಯರೆಲ್ಲ ಎಪ್ಪತ್ತು ದಾಟಿದವರು. ಫ್ರಾಯ್ಡ್ ಮತ್ತು ಅವರ ತಮ್ಮ ಅಲೆಕ್ಸಾಂಡರ್ ಅವರ ಜೀವನಕ್ಕೆಂದು 1,60,000 ಶಿಲಿಂಗ್ ಬಿಟ್ಟುಹೋದರು. ಮುದುಕಿಯರನ್ನು ರೈಲಿನಲ್ಲಿ ತುಂಬಿಕೊಂಡು ಹೋಗಿ ಕೊಲ್ಲುತ್ತಾರೆಂದು ಆಗ ಯಾರು ಊಹಿಸಿದ್ದರು? ಆ ಶಿಬಿರಗಳನ್ನು ಇನ್ನೂ ಕಟ್ಟಿರಲೇ ಇಲ್ಲ. ಅದೇ ನವೆಂಬರ್‌ನಲ್ಲಿ ಯೆಹೂದ್ಯರ ಸಭಾಮಂದಿರಗಳು ಸುಟ್ಟುಹೋದಾಗ, ಫ್ರಾಯ್ಡ್ ಲಂಡನ್ನಿನಿಂದ ತಂಗಿಯರ ಚಿಂತೆಯಲ್ಲಿ ಸ್ನೇಹಿತೆ ಮರೀ ಬೊನಪಾರ್ಟ್‌ಗೆ ಪತ್ರ ಬರೆದರು. ಆಕೆ ಫ್ರಾನ್ಸಿನ ವೀಸಾಗೆ ಪ್ರಯತ್ನಪಟ್ಟರು. ಸಿಗಲಿಲ್ಲ. ಅದೇ ವರ್ಷ ಜುಲೈನಲ್ಲಿ ಎವಿಯಾನ್‌ನಲ್ಲಿ 32 ದೇಶಗಳು ಸೇರಿ ನಿರಾಶ್ರಿತರ ಬಗ್ಗೆ ಮರುಕದ ಮಾತಾಡಿ, ಹೆಚ್ಚುಕಡಿಮೆ ಎಲ್ಲವೂ ಬಾಗಿಲು ಹಾಕಿಕೊಂಡಿದ್ದವು. ನನ್ನ ಕೇಳಿದರೆ, ಬೆರಳು ತೋರಿಸೋದಾದರೆ ಕೊಂದವರ ನಂತರ ಆ ಕಡೆ ತೋರಿಸಬೇಕು.

1939ರಲ್ಲಿ ಫ್ರಾಯ್ಡ್ ತೀರಿಕೊಂಡರು. 1942ರಲ್ಲಿ ನಾಲ್ವರನ್ನೂ ಟೆರೇಜಿನ್ ಶಿಬಿರಕ್ಕೆ ಸಾಗಿಸಿದರು. ಅಡಾಲ್ಫಿನ್ ಅಲ್ಲೇ ಸತ್ತರು. ಉಳಿದ ಮೂವರನ್ನು ಅಲ್ಲಿಂದ ಮರಣ ಶಿಬಿರಕ್ಕೆ ಕಳಿಸಿದರು.

ಹಾಗಾದರೆ ಪಾರಾದವರಿಗೆ ಏನೂ ಬಾಕಿ ಇಲ್ವಾ? ಇದೆ. ಅಪರಾಧ ಬೇರೆ, ಋಣ ಬೇರೆ. ಅಪರಾಧಕ್ಕೆ ಮಾಡಿದ ತಪ್ಪೊಂದು ಬೇಕು. ಋಣಕ್ಕೆ ಉಳಿದ ಜೀವವೊಂದು ಸಾಕು. ನೆಹೆಮೀಯನೂ ಯೆರೂಸಲೇಮನ್ನು ಕೆಡವಿದವನಲ್ಲ. ಆದರೂ ಶೂಷನಿನ ಅರಮನೆಯಲ್ಲಿದ್ದು, ಅಲ್ಲಿ ಉಳಿದವರ ಸುದ್ದಿ ಕೇಳಿ ಕೂತು ಅತ್ತ.

ಅನ್ನಾ ಏನು ಮಾಡಿದಳು ನೋಡಿ. ಯುದ್ಧದ ಸಮಯದಲ್ಲಿ ಲಂಡನ್ನಿನಲ್ಲಿ ಮನೆ ಕಳೆದುಕೊಂಡ ಮಕ್ಕಳಿಗೆ ಆಶ್ರಯ ನಡೆಸಿದಳು. 1945ರಲ್ಲಿ ಟೆರೇಜಿನ್‌ನಿಂದ, ಅತ್ತೆ ಸತ್ತ ಅದೇ ಶಿಬಿರದಿಂದ, ಮೂರು ವರ್ಷದ ಆಸುಪಾಸಿನ ಆರು ಅನಾಥ ಮಕ್ಕಳು ಇಂಗ್ಲೆಂಡಿಗೆ ಬಂದಾಗ ಅವರ ಪಾಲನೆಯ ಹಿಂದೆ ನಿಂತಳು. ಆ ಮಕ್ಕಳು ಒಬ್ಬರನ್ನೊಬ್ಬರು ಬಿಟ್ಟು ಇರುತ್ತಿರಲಿಲ್ಲ. ತಿನ್ನಲು ಕೊಟ್ಟರೆ ಮೊದಲು ಪಕ್ಕದವರಿಗೆ ಕೊಟ್ಟು, ಆಮೇಲೆ ತಾವು ತಿನ್ನುತ್ತಿದ್ದವು.